ಲಕ್ಷದ್ವೀಪ: ಸ್ಥಳೀಯ ಆಡಳಿತ, ಮೂಲಸೌಕರ್ಯ ಮತ್ತು ಸಾರ್ವಜನಿಕ ಸೇವೆಗಳು

ಲಕ್ಷದ್ವೀಪ ಅರಬ್ಬೀ ಸಮುದ್ರದಲ್ಲಿ ಚದುರಿಕೊಂಡಿರುವ ಹವಳದ ದ್ವೀಪಗಳ ಕೇಂದ್ರಾಡಳಿತ ಪ್ರದೇಶ. ಕೊಚ್ಚಿಯಿಂದ ಕಲ್ಪೇನಿಗೆ 290 ಕಿ.ಮೀ.ನಷ್ಟು ದೂರವಿದ್ದರೆ ಬಿತ್ರಾಕ್ಕೆ 480 ಕಿ.ಮೀ. ಆಗುತ್ತದೆ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ 32 ಚದರ ಕಿ.ಮೀ. ದಾಟುವುದಿಲ್ಲ. ಆದರೆ ಈ ನೆಲದ ಬಲದಿಂದ ಭಾರತಕ್ಕೆ ಸಿಗುವ ವಿಶೇಷ ಆರ್ಥಿಕ ಜಲವಲಯ ಸುಮಾರು 4 ಲಕ್ಷ ಚದರ ಕಿ.ಮೀ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ: ಕವರತ್ತಿ, ಅಗತ್ತಿ, ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಆಂದ್ರೋತ್, ಕಲ್ಪೇನಿ ಮತ್ತು ಮಿನಿಕಾಯ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ನಮ್ಮ ಕಡೆಯ ಒಂದು ಮಧ್ಯಮ ಗಾತ್ರದ ತಾಲ್ಲೂಕು ಕೇಂದ್ರದಲ್ಲಿ ಇರುವಷ್ಟು ಜನ. ಇವರಲ್ಲಿ ಶೇ. 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು, ಶೇ. 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಒಂಬತ್ತು ದ್ವೀಪಗಳ ಆಡುಮಾತು ಮಲಯಾಳದ ಒಂದು ಬಗೆಯಾದ ಜಸರಿ. ಮಿನಿಕಾಯ್‌ನಲ್ಲಿ ಮಾತ್ರ ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್.

ಇಲ್ಲಿ ಅಕ್ಕಿ, ಡೀಸೆಲ್, ಸಿಮೆಂಟು, ಔಷಧಿ, ಪಠ್ಯಪುಸ್ತಕ, ಮತಯಂತ್ರ ಎಲ್ಲವೂ ಹಡಗಿನಲ್ಲೇ ಬರಬೇಕು. ಹಡಗು ಯಾವಾಗ ಹೊರಡಬೇಕು, ಯಾವ ಬಂದರಿಗೆ ಹೋಗಬೇಕು ಎಂಬುದನ್ನು ನಿರ್ಧರಿಸುವವರು ದ್ವೀಪದವರಿಂದ ಆಯ್ಕೆಯಾದವರಲ್ಲ. ಲಕ್ಷದ್ವೀಪದ ಸ್ಥಳೀಯ ರಾಜಕಾರಣವನ್ನು ಧರ್ಮದ ಕಣ್ಣಿನಿಂದಲೋ ಪ್ರವಾಸೋದ್ಯಮದ ಕಣ್ಣಿನಿಂದಲೋ ನೋಡುವುದು ಇತ್ತೀಚಿನ ರೂಢಿ. ಆದರೆ ಅಲ್ಲಿನ ಜಗಳಗಳನ್ನು ಕೆದಕಿ ನೋಡಿದರೆ ತಳದಲ್ಲಿ ಸಿಗುವುದು ಹೆಚ್ಚಾಗಿ ಹಡಗು, ನೆಲ ಮತ್ತು ನೀರಿನ ಪ್ರಶ್ನೆಗಳು.

ಕಣ್ಣೂರು ಮತ್ತು ಮಂಗಳೂರಿನ ಆಳ್ವಿಕೆ

ದ್ವೀಪಗಳನ್ನು ದೂರದ ಬಂದರಿನಲ್ಲಿ ಕುಳಿತು ಆಳುವ ಪದ್ಧತಿ ಹಳೆಯದು. ಕಣ್ಣೂರಿನ ಅರಕ್ಕಲ್ ಮನೆತನದ ಅಲಿರಾಜರು ಮತ್ತು ಬೀಬಿಯರು ಶತಮಾನಗಳ ಕಾಲ ಇವುಗಳ ಒಡೆಯರಾಗಿದ್ದರು. ಅವರ ವರಮಾನದ ಮೂಲ ತೆಂಗಿನ ನಾರಿನ ಹುರಿ. ದ್ವೀಪದವರು ಹೊಸೆದ ಹುರಿಯನ್ನು ಒಡೆಯನಿಗೇ, ಅವನು ಹೇಳಿದ ದರಕ್ಕೇ ಮಾರಬೇಕಾಗಿತ್ತು. ಬದಲಿಗೆ ಅಕ್ಕಿ ಸಿಗುತ್ತಿತ್ತು. ಈ ಏಕಸ್ವಾಮ್ಯದ ಹಿಂಸೆ ತಾಳದೆ ಅಮಿನಿ ಗುಂಪಿನ ಜನ 1780ರ ದಶಕದಲ್ಲಿ ಮಂಗಳೂರಿನ ಕಡೆ ಮುಖ ಮಾಡಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಟಿಪ್ಪುವಿನ ಉಳಿದ ಪ್ರದೇಶಗಳೊಡನೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮಂಗಳೂರಿನ ಆಡಳಿತಕ್ಕೆ ಒಳಪಟ್ಟವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೂ ಹಾಗೆಯೇ ಉಳಿದವು.

ಉಳಿದ ದ್ವೀಪಗಳು ಕಣ್ಣೂರಿನ ಬೀಬಿಯ ಬಳಿಯೇ ಇದ್ದವು. ಕಪ್ಪದ ಬಾಕಿ ಬೆಳೆದಾಗ 1875ರಲ್ಲಿ ಬ್ರಿಟಿಷರು ಅವುಗಳ ಆಡಳಿತವನ್ನು ಕೈಗೆತ್ತಿಕೊಂಡರು; ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಒಡೆತನವೂ ಪೂರ್ತಿ ಅವರದಾಯಿತು. ಇವುಗಳನ್ನು ನೋಡಿಕೊಳ್ಳುತ್ತಿದ್ದುದು ಮಲಬಾರ್ ಜಿಲ್ಲೆ. ಹೀಗೆ ಒಂದೇ ಸಮುದ್ರದ, ಬಹುಪಾಲು ಒಂದೇ ಮಾತಿನ, ಪರಸ್ಪರ ನಂಟಸ್ತಿಕೆ ಇದ್ದ ದ್ವೀಪಗಳು ಎರಡು ಜಿಲ್ಲೆಗಳ ನಡುವೆ ಹಂಚಿಹೋದವು. ಅಮಿನಿಯಲ್ಲಿ ಮಂಗಳೂರಿನ ಕಲೆಕ್ಟರನ ಪ್ರತಿನಿಧಿಯಾಗಿ ಮಣೇಗಾರ ಇರುತ್ತಿದ್ದ; ಮಲಬಾರಿಗೆ ಸೇರಿದ ದ್ವೀಪಗಳಲ್ಲಿ ಅಮೀನ. ಊರಿನ ಹಿರಿಯ ಮನೆತನಗಳ ಕಾರಣವರನ್ನು (ಯಜಮಾನರನ್ನು) ಕೂರಿಸಿಕೊಂಡು ಇವರು ವ್ಯಾಜ್ಯ ತೀರಿಸುತ್ತಿದ್ದರು. ಜಿಲ್ಲಾ ಅಧಿಕಾರಿಗಳ ದರ್ಶನವಾಗುತ್ತಿದ್ದುದು ಸಮುದ್ರ ಶಾಂತವಾಗಿದ್ದ ತಿಂಗಳುಗಳಲ್ಲಿ, ಅದೂ ಅಪರೂಪಕ್ಕೆ. ಒಡೆಯ ಬದಲಾದರೂ ಹುರಿಯ ಏಕಸ್ವಾಮ್ಯ ಹೋಗಲಿಲ್ಲ. ಕಂಪನಿಯೂ ಅದರ ಹಿಂದೆ ಬಂದ ಸರಕಾರವೂ ಅಲಿರಾಜನ ವ್ಯಾಪಾರವನ್ನು ಸ್ವಲ್ಪ ನಯಗೊಳಿಸಿ ಮುಂದುವರಿಸಿದವು. ದ್ವೀಪದ ಓಡಗಳು ಹುರಿ ಹೇರಿಕೊಂಡು ಮಂಗಳೂರಿಗೆ ಬರುವುದು, ಅಕ್ಕಿ ಹೇರಿಕೊಂಡು ಹಿಂತಿರುಗುವುದು ಸ್ವಾತಂತ್ರ್ಯ ಬಂದ ಮೇಲೂ ನಡೆದೇ ಇತ್ತು.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ದಕ್ಷಿಣ ಕನ್ನಡ ಜಿಲ್ಲೆ ಮೂರು ದಾರಿ ಹಿಡಿಯಿತು. ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಅಮಿನಿ ಗುಂಪಿನ, ಅಂದರೆ ಅಮಿನಿದಿವಿ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಕಾಸರಗೋಡನ್ನು ಕುರಿತು ಕನ್ನಡದಲ್ಲಿ ಬೇಕಾದಷ್ಟು ಬರೆಹ ಬಂದಿದೆ. ಅದೇ ದಿನ ಜಿಲ್ಲೆಯಿಂದ ಕಳಚಿಕೊಂಡ ಐದು ದ್ವೀಪಗಳ ನೆನಪು ಮಂಗಳೂರಿನ ಹಳೆ ಬಂದರಿನ ಆಚೆಗೆ ಹೆಚ್ಚು ಉಳಿದಿಲ್ಲ.

ಹೊಸ ಪ್ರದೇಶಕ್ಕೆ ಲಕ್ಕದಿವಿ, ಮಿನಿಕಾಯ್ ಮತ್ತು ಅಮಿನಿದಿವಿ ದ್ವೀಪಗಳೆಂಬ ಉದ್ದನೆಯ ಹೆಸರಿತ್ತು. 1973ರ ನವೆಂಬರ್ 1ರಿಂದ ಲಕ್ಷದ್ವೀಪ ಎಂದಾಯಿತು. ಮೊದಲ ಎಂಟು ವರ್ಷ ಆಡಳಿತ ಕೇಂದ್ರ ಇದ್ದದ್ದು ದ್ವೀಪದಲ್ಲಲ್ಲ, ಕೋಳಿಕ್ಕೋಡಿನಲ್ಲಿ. ಮೂರ್ಕೋತ್ ರಾಮುಣ್ಣಿ ಆಡಳಿತಾಧಿಕಾರಿಯಾಗಿದ್ದಾಗ, 1964ರಲ್ಲಿ, ಕಚೇರಿ ಕವರತ್ತಿಗೆ ಸ್ಥಳಾಂತರವಾಯಿತು. ಆಳುವವರು ಆಳಿಸಿಕೊಳ್ಳುವವರ ನಡುವೆ ವಾಸ ಮಾಡತೊಡಗಿದ್ದು ಆಗಲೇ. ಅಧಿಕಾರಿಗೂ ಅದೇ ಬಾವಿಯ ನೀರು, ಅದೇ ಹಡಗಿನ ಕಾಯುವಿಕೆ ಎಂದಾದ ಮೇಲೆ ಕೆಲಸಗಳು ಚುರುಕಾದವು. ಶಾಲೆ, ಆಸ್ಪತ್ರೆ, ವಿದ್ಯುತ್ತು, ಸಹಕಾರ ಸಂಘ ಇವೆಲ್ಲ ಬೇರೂರಿದ್ದು ಅರುವತ್ತರ ಮತ್ತು ಎಪ್ಪತ್ತರ ದಶಕಗಳಲ್ಲಿ. 1951ರಲ್ಲಿ ಶೇ. 15ರಷ್ಟಿದ್ದ ಸಾಕ್ಷರತೆ 2011ರಲ್ಲಿ ಶೇ. 91.85ಕ್ಕೆ ಮುಟ್ಟಿತು.

ಆಡಳಿತಾಧಿಕಾರಿ, ಸಂಸದ, ಪಂಚಾಯತ್

ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ರಾಷ್ಟ್ರಪತಿಯಿಂದ ನೇಮಕವಾಗುವ ಆಡಳಿತಾಧಿಕಾರಿಯೇ ಸರಕಾರ. ಸಂವಿಧಾನದ 240ನೆಯ ವಿಧಿಯಂತೆ ಇಲ್ಲಿಗೆ ಬೇಕಾದ ಕಾನೂನುಗಳನ್ನು ರಾಷ್ಟ್ರಪತಿಯವರು ನಿಯಮಾವಳಿಗಳ ರೂಪದಲ್ಲಿ ಹೊರಡಿಸಬಹುದು. ಕರಡು ಕವರತ್ತಿಯಲ್ಲಿ ಹುಟ್ಟುತ್ತದೆ, ದೆಹಲಿಯ ಗೃಹ ಸಚಿವಾಲಯದಲ್ಲಿ ಪಕ್ವವಾಗುತ್ತದೆ. ನಡುವೆ ಅದನ್ನು ಚರ್ಚಿಸಿ ತಿದ್ದುವ ಚುನಾಯಿತ ಸಭೆ ಯಾವುದೂ ಇಲ್ಲ. ಕರಡಿಗೆ ಸಾರ್ವಜನಿಕರು ಆಕ್ಷೇಪ ಸಲ್ಲಿಸಬಹುದು, ಅದು ಸಾಲದಿದ್ದರೆ ಹೈಕೋರ್ಟಿಗೆ ಹೋಗಬಹುದು.

ದ್ವೀಪದವರ ದನಿ ದೆಹಲಿಗೆ ತಲುಪುವ ಮುಖ್ಯ ದಾರಿ ಒಬ್ಬ ಲೋಕಸಭಾ ಸದಸ್ಯ. ಮತದಾರರ ಲೆಕ್ಕದಲ್ಲಿ ಲಕ್ಷದ್ವೀಪ ದೇಶದ ಅತಿ ಚಿಕ್ಕ ಲೋಕಸಭಾ ಕ್ಷೇತ್ರ. 2024ರಲ್ಲಿ ಮತದಾರರು 57 ಸಾವಿರದಷ್ಟು. ಆರಂಭದಲ್ಲಿ ಸದಸ್ಯನನ್ನು ನಾಮಕರಣ ಮಾಡಲಾಗುತ್ತಿತ್ತು. 1967ರಲ್ಲಿ ಮೊದಲ ಬಾರಿಗೆ ಚುನಾವಣೆ ನಡೆದಾಗ ಗೆದ್ದವರು ಆಂದ್ರೋತ್‌ನ ಪಿ.ಎಂ. ಸಯೀದ್. ಮಂಗಳೂರಿನಲ್ಲಿ ಕಾಲೇಜು ಓದಿ, ಮುಂಬಯಿಯಲ್ಲಿ ಕಾನೂನು ಕಲಿತ ಸಯೀದ್ ಆಗ ಇನ್ನೂ ತರುಣ. ಪಕ್ಷೇತರರಾಗಿ ಗೆದ್ದು, ಕಾಂಗ್ರೆಸ್ ಸೇರಿ, ಸತತ ಹತ್ತು ಚುನಾವಣೆ ಗೆದ್ದರು. ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. 2004ರಲ್ಲಿ ಪಿ. ಪೂಕುಞ್ಞಿ ಕೋಯ ಅವರ ಎದುರು 71 ಮತಗಳಿಂದ ಸೋತರು. ದ್ವೀಪದಲ್ಲಿ ಪಕ್ಷದ ಹೆಸರಿಗಿಂತ ಸಯೀದರ ಕಡೆಯವರು, ಕೋಯರ ಕಡೆಯವರು ಎಂಬ ಗುರುತೇ ದೀರ್ಘಕಾಲ ನಡೆಯಿತು.

ಮುಂದಿನ ಚುನಾವಣೆಗಳೂ ಹೀಗೆಯೇ ಕೂದಲೆಳೆಯ ಪೈಪೋಟಿಗಳು. 2009ರಲ್ಲಿ ಸಯೀದರ ಮಗ ಹಮ್ದುಲ್ಲಾ ಸಯೀದ್, 2014 ಮತ್ತು 2019ರಲ್ಲಿ ಎನ್‌ಸಿಪಿಯ ಮೊಹಮ್ಮದ್ ಫೈಝಲ್ ಗೆದ್ದರು. 2019ರ ಅಂತರ 823 ಮತ. 2023ರ ಜನವರಿಯಲ್ಲಿ ಕ್ರಿಮಿನಲ್ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿ ಫೈಝಲ್ ಸದಸ್ಯತ್ವ ಕಳೆದುಕೊಂಡರು. ಚುನಾವಣಾ ಆಯೋಗ ಉಪಚುನಾವಣೆಯನ್ನೂ ಘೋಷಿಸಿತು. ಅಷ್ಟರಲ್ಲಿ ಕೇರಳ ಹೈಕೋರ್ಟು ತೀರ್ಪಿಗೆ ತಡೆ ನೀಡಿದ್ದರಿಂದ ಅದನ್ನು ಕೈಬಿಡಬೇಕಾಯಿತು. ಅದೇ ವರ್ಷ ಸದಸ್ಯತ್ವ ಮತ್ತೊಮ್ಮೆ ಹೋಗಿ ಮತ್ತೊಮ್ಮೆ ಬಂತು. ಶಾಸಕರೇ ಇಲ್ಲದ ನೆಲಕ್ಕೆ ಇದ್ದೊಬ್ಬ ಪ್ರತಿನಿಧಿಯೂ ತಿಂಗಳುಗಟ್ಟಲೆ ಇಲ್ಲವಾದ ವಿಚಿತ್ರ ಸನ್ನಿವೇಶವದು. 2024ರಲ್ಲಿ ಹಮ್ದುಲ್ಲಾ ಸಯೀದ್ 2,647 ಮತಗಳ ಅಂತರದಿಂದ ಮರಳಿ ಗೆದ್ದರು. ಬಿಜೆಪಿ ಬೆಂಬಲಿಸಿದ ಅಭ್ಯರ್ಥಿಗೆ ಆ ಚುನಾವಣೆಯಲ್ಲಿ ಬಂದದ್ದು 201 ಮತ. ಕೇಂದ್ರದಲ್ಲಿ ಆಳುವ ಪಕ್ಷಕ್ಕೆ ಬೆರಳೆಣಿಕೆಯ ಮತ ಬೀಳುವ ಕಡೆ, ಆ ಕೇಂದ್ರದ ಪ್ರತಿನಿಧಿಯ ಕೈಯಲ್ಲೇ ಎಲ್ಲ ಅಧಿಕಾರ ಇರುವುದರಿಂದ ಸಣ್ಣ ಆದೇಶವೂ ದೊಡ್ಡ ಅನುಮಾನಕ್ಕೆ ಎಡೆಮಾಡುತ್ತದೆ.

ಕೆಳಹಂತದಲ್ಲಿ 1988ರ ನಿಯಮಾವಳಿ ದ್ವೀಪ ಸಮಿತಿಗಳನ್ನೂ ಅವುಗಳ ಮೇಲೆ ಪ್ರದೇಶ ಸಮಿತಿಯನ್ನೂ ತಂದಿತು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ, 1994ರ ನಿಯಮಾವಳಿಯಂತೆ, ಎರಡು ಹಂತದ ಪಂಚಾಯತ್ ಬಂತು: ದ್ವೀಪಕ್ಕೊಂದರಂತೆ ಹತ್ತು ಗ್ರಾಮ ಪಂಚಾಯತ್, ಕವರತ್ತಿಯಲ್ಲಿ ಒಂದು ಜಿಲ್ಲಾ ಪಂಚಾಯತ್. ಮೊದಲ ಚುನಾವಣೆ ನಡೆದದ್ದು 1997–98ರಲ್ಲಿ. ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ ಮುಖ್ಯ ಕೌನ್ಸಿಲರ್ ಎಂಬ ಪದವಿಯೂ ಇತ್ತು. ಕಾಲಕ್ರಮದಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ ಮತ್ತು ಮೀನುಗಾರಿಕೆ ಇಲಾಖೆಗಳ ಮೇಲ್ವಿಚಾರಣೆ ಪಂಚಾಯತ್‌ಗಳಿಗೆ ಸಿಕ್ಕಿತು. ವಿಧಾನಸಭೆಯ ಕೊರತೆಯನ್ನು ಇದು ತುಂಬಿಕೊಡಲಿಲ್ಲವಾದರೂ, ಶಾಲೆಗೆ ಮೇಷ್ಟರು ಬರಲಿಲ್ಲವೆಂದು, ಆಸ್ಪತ್ರೆಯಲ್ಲಿ ಮದ್ದಿಲ್ಲವೆಂದು ಜನ ಹೋಗಿ ಕೇಳಲು ಊರಿನಲ್ಲೇ ಒಬ್ಬರು ಸಿಗುತ್ತಿದ್ದರು.

ಮಿನಿಕಾಯ್‌ನಲ್ಲಿ ಪಂಚಾಯತ್‌ಗಿಂತ ಹಳೆಯದಾದ ವ್ಯವಸ್ಥೆಯೊಂದು ಇಂದಿಗೂ ಜೀವಂತ. ದ್ವೀಪ ಹನ್ನೊಂದು ಹಳ್ಳಿಗಳಾಗಿ ಹಂಚಿಕೊಂಡಿದೆ. ಪ್ರತಿ ಹಳ್ಳಿಗೂ ಮೂಪ ಎಂಬ ಒಬ್ಬ ಮುಖ್ಯಸ್ಥ, ಹೆಂಗಸರಿಗೆ ಅವರದೇ ಮುಖ್ಯಸ್ಥೆ, ಎಲ್ಲರೂ ಸೇರಲು ಊರಮನೆ. ದಾರಿ ಗುಡಿಸುವುದು, ದೋಣಿ ಎಳೆಯುವುದು, ಸಮಾರಂಭಗಳಿಗೆ ಅಡುಗೆ ಮಾಡುವುದು ಊರಿನ ಕೂಡುಕೆಲಸ. ಜಗತ್ತಿನ ಹಡಗುಗಳಲ್ಲಿ ನಾವಿಕರಾಗಿ ದುಡಿಯುವ ಗಂಡಸರು ತಿಂಗಳುಗಟ್ಟಲೆ ಊರಲ್ಲಿ ಇಲ್ಲದಿದ್ದಾಗಲೂ ಈ ಏರ್ಪಾಡು ನಿಲ್ಲುವುದಿಲ್ಲ.

2021ರ ಬಿಕ್ಕಟ್ಟು

ಲಕ್ಷದ್ವೀಪದ ಆಡಳಿತಾಧಿಕಾರಿಗಳು ಸಾಮಾನ್ಯವಾಗಿ ಸೇವೆಯಲ್ಲಿರುವ ಅಥವಾ ನಿವೃತ್ತರಾದ ಹಿರಿಯ ಅಧಿಕಾರಿಗಳಾಗಿರುತ್ತಿದ್ದರು. 2020ರ ಡಿಸೆಂಬರಿನಲ್ಲಿ ದಿನೇಶ್ವರ ಶರ್ಮ ತೀರಿಕೊಂಡ ಮೇಲೆ ಗುಜರಾತಿನ ಗೃಹ ಖಾತೆಯ ಮಾಜಿ ರಾಜ್ಯ ಸಚಿವ ಪ್ರಫುಲ್ ಖೋಡಾ ಪಟೇಲ್ ಅವರಿಗೆ ಹೊಣೆ ವಹಿಸಲಾಯಿತು. ಮುಂದಿನ ಕೆಲವೇ ತಿಂಗಳಲ್ಲಿ ನಾಲ್ಕು ಕರಡು ನಿಯಮಾವಳಿಗಳು ಬಂದವು. ಯಾವುದೇ ಜಾಗವನ್ನು ಯೋಜನಾ ಪ್ರದೇಶವೆಂದು ಘೋಷಿಸಲು ಅವಕಾಶ ಕೊಡುವ ಅಭಿವೃದ್ಧಿ ಪ್ರಾಧಿಕಾರದ ಕರಡು. ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಾದ ಸಮಾಜಘಾತಕ ಚಟುವಟಿಕೆ ತಡೆ ಕರಡು. ಗೋಹತ್ಯೆ ನಿಷೇಧಿಸುವ ಪ್ರಾಣಿ ಸಂರಕ್ಷಣೆಯ ಕರಡು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರಿಗೆ ಚುನಾವಣೆಯಲ್ಲಿ ನಿಲ್ಲಲು ತಡೆ ಹಾಕುವ ಪಂಚಾಯತ್ ಕರಡು. ಇವುಗಳ ಜತೆಗೆ ಕಾರ್ಯಾದೇಶಗಳು ಬೇರೆ. ಬಿಸಿಯೂಟದಿಂದ ಮಾಂಸ ಕೈಬಿಟ್ಟದ್ದು, ಸರಕಾರಿ ಹೈನುಶಾಲೆ ಮುಚ್ಚಿದ್ದು, ಗುತ್ತಿಗೆ ನೌಕರರನ್ನು ಕೆಲಸದಿಂದ ತೆಗೆದದ್ದು, ದಂಡೆಯ ಮೇಲಿನ ಮೀನುಗಾರರ ಗುಡಿಸಲುಗಳನ್ನು ಕೆಡವಿದ್ದು ಹೀಗೆ. ಮೇ ತಿಂಗಳಲ್ಲಿ ಪಂಚಾಯತ್‌ಗಳ ಬಳಿಯಿದ್ದ ಐದು ಇಲಾಖೆಗಳೂ ಆಡಳಿತಕ್ಕೆ ಮರಳಿದವು.

ಆಡಳಿತದ ಸಮರ್ಥನೆ ಅಭಿವೃದ್ಧಿಯದು: ಮಾಲ್ಡೀವ್ಸಿನ ಹಾಗೆ ಬೆಳೆಯಬಹುದಾದ ದ್ವೀಪಗಳು ಎಪ್ಪತ್ತು ವರ್ಷ ಹಿಂದುಳಿದವು ಎಂಬುದು. ದ್ವೀಪದವರ ಅಳಲು ಬೇರೆಯೇ. ಅಪರಾಧಗಳು ಅತಿ ಕಡಿಮೆ ಇರುವ ಪ್ರದೇಶಕ್ಕೆ ಗೂಂಡಾ ಕಾಯ್ದೆ ಯಾಕೆ, ಒಂದು ಕುಟುಂಬದ ಬಳಿ ಕೆಲವೇ ಸೆಂಟ್ಸ್ ಜಾಗ ಇರುವಾಗ ಅದನ್ನೂ ಯೋಜನೆಗೆ ತೆಗೆದುಕೊಂಡರೆ ಎಲ್ಲಿಗೆ ಹೋಗುವುದು ಎಂದು ಕೇಳಿದರು. ಕೋವಿಡ್ ವಿಷಯದಲ್ಲೂ ಸಿಟ್ಟಿತ್ತು. ಕೊಚ್ಚಿಯಲ್ಲೇ ಪ್ರತ್ಯೇಕವಾಸ ಕಡ್ಡಾಯ ಮಾಡಿದ್ದರಿಂದ 2021ರ ಜನವರಿ 18ರವರೆಗೆ ದ್ವೀಪಗಳಲ್ಲಿ ಒಂದೂ ಪ್ರಕರಣ ಇರಲಿಲ್ಲ. ನಿಯಮ ಸಡಿಲಿಸಿದ ಬಳಿಕ ಸೋಂಕು ಹಬ್ಬಿತು. ಮೇ 31ರಂದು ಕೇರಳ ವಿಧಾನಸಭೆ ಆಡಳಿತಾಧಿಕಾರಿಯನ್ನು ವಾಪಸು ಕರೆಸಿಕೊಳ್ಳಬೇಕೆಂದು ಒಮ್ಮತದ ನಿರ್ಣಯ ಮಾಡಿತು. ಜೂನ್ 7ರಂದು ‘ಸೇವ್ ಲಕ್ಷದ್ವೀಪ್ ಫೋರಂ’ ಕರೆಯಂತೆ ದ್ವೀಪಗಳ ಜನ ಮನೆಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕೂತರು. ಟಿ.ವಿ. ಚರ್ಚೆಯೊಂದರ ಮಾತಿಗಾಗಿ ಚಲನಚಿತ್ರ ನಿರ್ದೇಶಕಿ ಆಯಿಷಾ ಸುಲ್ತಾನಾ ಅವರ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಯಿತು.

ಬಿಸಿಯೂಟ ಮತ್ತು ಹೈನುಶಾಲೆಯ ಆದೇಶಗಳಿಗೆ ಕೇರಳ ಹೈಕೋರ್ಟು ಮೊದಲು ತಡೆ ನೀಡಿತ್ತು. ಕಡೆಗೆ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಇವು ನೀತಿಯ ವಿಷಯಗಳೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. 2017ರಲ್ಲಿ ಆಯ್ಕೆಯಾಗಿದ್ದ ಪಂಚಾಯತ್‌ಗಳ ಅವಧಿ 2023ರ ಆರಂಭಕ್ಕೆ ಮುಗಿಯಿತು, ಸಕಾಲಕ್ಕೆ ಹೊಸ ಚುನಾವಣೆ ನಡೆಯಲಿಲ್ಲ. ಕರಡುಗಳ ಗದ್ದಲಕ್ಕೆ ಸಿಕ್ಕಿದ ಪ್ರಚಾರ ಈ ಸಂಗತಿಗೆ ಸಿಗಲಿಲ್ಲ. ದ್ವೀಪದ ದೈನಂದಿನ ಬದುಕಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಇದೇ ಎಂದು ಹೇಳಬೇಕಾಗುತ್ತದೆ.

ಹಡಗು ಮತ್ತು ವಿಮಾನ

ಪ್ರಯಾಣಿಕ ಹಡಗುಗಳೇ ಇಲ್ಲಿನ ಹೆದ್ದಾರಿ. ಎಂ.ವಿ. ಕವರತ್ತಿ, ಅರೇಬಿಯನ್ ಸೀ, ಲಕ್ಷದ್ವೀಪ್ ಸೀ, ಕೋರಲ್ಸ್, ಲಗೂನ್ಸ್ ಮುಂತಾದ ಹೆಸರುಗಳು ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಹಿಂದೆ ‘ಟಿಪ್ಪು ಸುಲ್ತಾನ್’ ಹೆಸರಿನ ಹಡಗೂ ಓಡುತ್ತಿತ್ತು. ಕೊಚ್ಚಿಯಿಂದ ಪ್ರಯಾಣ ದ್ವೀಪವನ್ನು ಅವಲಂಬಿಸಿ 14ರಿಂದ 18 ಗಂಟೆ. ಬಹುತೇಕ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು. ಹವಳದಿಬ್ಬದ ಹೊರಗೆ ನಿಲ್ಲುತ್ತದೆ. ಸಣ್ಣ ದೋಣಿಗಳು ಅಲೆಯ ಏರಿಳಿತ ನೋಡಿಕೊಂಡು ಹಡಗಿನ ಮಗ್ಗುಲಿಗೆ ಬರುತ್ತವೆ. ಮುದುಕರು, ಬಸುರಿಯರು, ಕೈಗೂಸುಗಳು, ಅಕ್ಕಿ ಮೂಟೆ ಎಲ್ಲವನ್ನೂ ಹೀಗೆಯೇ ದಾಟಿಸಬೇಕು. ಪೂರ್ವ ದಡದಲ್ಲಿ ಕಟ್ಟಿದ ಧಕ್ಕೆಗಳು ಕೆಲವೆಡೆ ಈ ಕಷ್ಟವನ್ನು ತಗ್ಗಿಸಿವೆ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲದಲ್ಲಿ ಓಡಾಟ ಕುಗ್ಗುತ್ತದೆ. ಆ ತಿಂಗಳುಗಳಿಗೆ ಬೇಕಾದ ದಿನಸಿಯನ್ನೂ ಡೀಸೆಲನ್ನೂ ಮೊದಲೇ ತುಂಬಿಟ್ಟುಕೊಳ್ಳುವುದು ಆಡಳಿತದ ಮುಖ್ಯ ಕೆಲಸಗಳಲ್ಲೊಂದು.

700 ಪ್ರಯಾಣಿಕರನ್ನು ಒಯ್ಯಬಲ್ಲ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಯಲ್ಲಿ 2021ರ ಕೊನೆಯಲ್ಲಿ ಬೆಂಕಿ ಕಾಣಿಸಿಕೊಂಡು ಅದು ದುರಸ್ತಿಗೆ ಹೋಯಿತು. ಉಳಿದವೂ ಒಂದೊಂದಾಗಿ ಕಾರ್ಖಾನೆ ಸೇರಿ, ಏಳು ಹಡಗುಗಳಲ್ಲಿ ಎರಡು ಮೂರು ಮಾತ್ರ ಓಡುವ ಕಾಲವೂ 2022ರಲ್ಲಿ ಬಂತು. ಕೊಚ್ಚಿಯ ವಸತಿಗೃಹಗಳಲ್ಲಿ ಟಿಕೆಟ್‌ಗಾಗಿ ದಿನಗಟ್ಟಲೆ ಕಾದವರಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಬೇಕಾದ ರೋಗಿಗಳೂ ಇದ್ದರು. ಕೊನೆಗೆ ಈ ವಿಷಯವೂ ಹೈಕೋರ್ಟಿನ ಮೆಟ್ಟಿಲೇರಿತು.

ಅಗತ್ತಿಯಲ್ಲಿ 1988ರಲ್ಲಿ ಆರಂಭವಾದ ವಿಮಾನ ನಿಲ್ದಾಣ ಇಡೀ ಪ್ರದೇಶಕ್ಕೆ ಒಂದೇ. ದ್ವೀಪದ ದಕ್ಷಿಣದ ಬಾಲದಂಥ ಭಾಗದ ಮೇಲೆ ಹಾಸಿರುವ ಓಡುದಾರಿ ಸುಮಾರು 1,200 ಮೀಟರ್. ಎಟಿಆರ್ ಮಾದರಿಯ ಸಣ್ಣ ವಿಮಾನಗಳಷ್ಟೇ ಇಳಿಯಬಹುದು. ಕೊಚ್ಚಿಯ ಜತೆಗೆ 2024ರಿಂದ ಗೋವಾದಿಂದಲೂ ವಿಮಾನ ಬರತೊಡಗಿತು. ದ್ವೀಪದಿಂದ ದ್ವೀಪಕ್ಕೆ, ಮುಖ್ಯವಾಗಿ ರೋಗಿಗಳಿಗಾಗಿ, ಹೆಲಿಕಾಪ್ಟರ್ ಇದೆ. ಕವರತ್ತಿಯ ಇಂದಿರಾ ಗಾಂಧಿ ಆಸ್ಪತ್ರೆ, ಅಗತ್ತಿ ಮತ್ತು ಮಿನಿಕಾಯ್‌ನ ಆಸ್ಪತ್ರೆಗಳು ಸಾಮಾನ್ಯ ಚಿಕಿತ್ಸೆಗೆ ಸಾಕಾದರೂ ಹೃದಯ, ಮೆದುಳು, ಕಷ್ಟದ ಹೆರಿಗೆ ಎಂದರೆ ಕೊಚ್ಚಿಗೇ ಸಾಗಿಸಬೇಕು. ಅದಕ್ಕೆ ವೈದ್ಯರ ಶಿಫಾರಸು ಬೇಕು, ಹವೆ ಅನುಕೂಲವಾಗಿರಬೇಕು, ಹೆಲಿಕಾಪ್ಟರ್ ಖಾಲಿ ಇರಬೇಕು.

ನೀರು

ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯೂ ಇಲ್ಲವೆಂದರೆ ನಡೆಯುತ್ತದೆ. ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ ಬಿದ್ದರೂ ಮರಳು ಅದನ್ನು ಕೂಡಲೇ ಹೀರುತ್ತದೆ. ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ನೆಲದಡಿ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತ ನಿಲ್ಲುತ್ತದೆ. ತೋಡಿದ ಬಾವಿಗಳಿಗೆ ಸಿಗುವುದು ಈ ತೆಳುವಾದ ಪದರ. ಸಮುದ್ರದ ಉಬ್ಬರ ಇಳಿತಕ್ಕೆ ಬಾವಿಯ ಮಟ್ಟವೂ ಏರಿಳಿಯುತ್ತದೆ. ಬಿಂದಿಗೆಯಲ್ಲಿ ಸೇದುವವರೆಗೆ ಪದರ ಕೆಡುತ್ತಿರಲಿಲ್ಲ. ಮನೆಮನೆಗೆ ವಿದ್ಯುತ್ ಪಂಪು ಬಂದ ಮೇಲೆ ಒಂದೇ ಸಮನೆ ಎಳೆದಾಗ ಕೆಳಗಿನ ಉಪ್ಪುನೀರು ಮೇಲಕ್ಕೆದ್ದಿತು. ಜತೆಗೆ ಮನೆಗೊಂದರಂತೆ ಬಂದ ಶೌಚಗುಂಡಿಗಳ ಸೋರಿಕೆ ಕೆಲವೇ ಮೀಟರ್ ದೂರದ ಬಾವಿಗೆ ಸೇರತೊಡಗಿತು. ಪಂಪು ಮತ್ತು ಶೌಚಾಲಯ ಎರಡೂ ಒಳ್ಳೆಯ ಸೌಕರ್ಯಗಳೇ. ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಇರುವ ಮರಳುದಿಬ್ಬದ ಮೇಲೆ ಅವು ಒಂದನ್ನೊಂದು ಕೆಡಿಸಿದವು.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದಕ್ಕೆ ಕಂಡುಕೊಂಡ ದಾರಿ ಸಮುದ್ರದಲ್ಲೇ ಇತ್ತು. ದ್ವೀಪದ ದಂಡೆಯಿಂದ ಸ್ವಲ್ಪ ದೂರದಲ್ಲೇ ಸಮುದ್ರ ಕಡಿದಾಗಿ ಆಳವಾಗುತ್ತದೆ. ಮೇಲ್ಮೈ ನೀರು 28 ಡಿಗ್ರಿಯ ಆಸುಪಾಸು ಬೆಚ್ಚಗಿದ್ದರೆ 350 ಮೀಟರ್ ಆಳದ್ದು 12 ಡಿಗ್ರಿಯಷ್ಟು ತಣ್ಣಗಿರುತ್ತದೆ. ಗಾಳಿಯ ಒತ್ತಡ ತಗ್ಗಿಸಿದ ತೊಟ್ಟಿಗೆ ಬೆಚ್ಚನೆಯ ನೀರನ್ನು ಹಾಯಿಸಿದರೆ ಕುದಿಸದೆಯೇ ಒಂದಂಶ ಆವಿಯಾಗುತ್ತದೆ. ಆಳದಿಂದ ಎತ್ತಿದ ತಣ್ಣೀರಿನ ಕೊಳವೆಗಳ ಮೇಲೆ ಆ ಆವಿ ಸಿಹಿನೀರಾಗಿ ಇಳಿಯುತ್ತದೆ. ದಿನಕ್ಕೆ 1 ಲಕ್ಷ ಲೀಟರ್ ಕೊಡುವ ಇಂಥ ಮೊದಲ ಸ್ಥಾವರ ಕವರತ್ತಿಯಲ್ಲಿ 2005ರಲ್ಲಿ ಆರಂಭವಾಯಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೆ ಬಂತು. ಆನಂತರ ಉಳಿದ ದ್ವೀಪಗಳಿಗೆ ದಿನಕ್ಕೆ 1.5 ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರಗಳ ಯೋಜನೆಯಾಗಿ, ಕದ್ಮತ್‌ನದು 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇಷ್ಟು ನೀರು ಕುಡಿಯಲು, ಅಡುಗೆಗೆ ಸಾಲುತ್ತದೆ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಾವಿಯೇ ಗತಿ. ಸ್ಥಾವರದ ಪಂಪುಗಳಿಗೆ ಬೇಕಾದ ವಿದ್ಯುತ್ತು ಬರುವುದು ಬಹುಪಾಲು ಡೀಸೆಲ್‌ನಿಂದ ಎಂಬುದನ್ನು ಮರೆಯುವಂತಿಲ್ಲ.

ವಿದ್ಯುತ್ತು, ದೂರಸಂಪರ್ಕ, ಬ್ಯಾಂಕು, ಶಾಲೆ

ಮೊದಲ ಡೀಸೆಲ್ ವಿದ್ಯುದಾಗಾರ ಮಿನಿಕಾಯ್‌ನಲ್ಲಿ 1962ರಲ್ಲಿ, ಕೊನೆಯದು ಬಿತ್ರಾದಲ್ಲಿ 1982ರಲ್ಲಿ ಆರಂಭವಾಯಿತು. ಪ್ರತಿ ದ್ವೀಪದ ಜಾಲವೂ ಪ್ರತ್ಯೇಕ. ಡೀಸೆಲ್ ತರುವ ಸಾಗಣೆ ವೆಚ್ಚದಿಂದಾಗಿ ಉತ್ಪಾದನೆಯ ಖರ್ಚು ಮುಖ್ಯಭೂಮಿಗಿಂತ ಬಹಳ ಹೆಚ್ಚು; ಗ್ರಾಹಕ ಕೊಡುವ ದರ ಅದರ ಒಂದು ಪಾಲು ಮಾತ್ರ. ಸೌರವಿದ್ಯುತ್ತಿಗೆ ಬಿಸಿಲಿದೆ, ಆದರೆ ಫಲಕ ಹಾಸಲು ಜಾಗವಿಲ್ಲ. ತೆಂಗಿನ ತೋಟ ಕಡಿಯದೆ ಅದನ್ನು ಹೊಂದಿಸುವುದೇ ಕಷ್ಟ.

2024ರ ಜನವರಿಯವರೆಗೆ ದ್ವೀಪಗಳ ಅಂತರಜಾಲವೆಲ್ಲ ಉಪಗ್ರಹದ ಮೂಲಕ. ಅದರ ಒಟ್ಟು ಸಾಮರ್ಥ್ಯ 1.7 ಜಿಬಿಪಿಎಸ್ ಅಷ್ಟೇ ಇತ್ತು. ಕೊಚ್ಚಿಯಿಂದ ಸಮುದ್ರದಡಿಯಲ್ಲಿ ಎಳೆದ ಆಪ್ಟಿಕಲ್ ಫೈಬರ್ ಕೇಬಲ್ಲು ಅದನ್ನು 200 ಜಿಬಿಪಿಎಸ್‌ಗೆ ಏರಿಸಿತು. ಇತ್ತೀಚಿನ ಸರಕಾರಿ ಯೋಜನೆಗಳಲ್ಲಿ ಯಾವ ಬಣದವರೂ ತಕರಾರು ತೆಗೆಯದಿದ್ದದ್ದು ಬಹುಶಃ ಇದೊಂದೇ.

ಬ್ಯಾಂಕಿನ ಸೇವೆಯಲ್ಲಿ ಕರಾವಳಿ ಕರ್ನಾಟಕದ ಕೈ ಕಾಣುತ್ತದೆ. ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು ಲಕ್ಷದ್ವೀಪದ ಲೀಡ್ ಬ್ಯಾಂಕ್ ಆಗಿತ್ತು. 2020ರ ವಿಲೀನದ ಬಳಿಕ ಆ ಶಾಖೆಗಳು ಕೆನರಾ ಬ್ಯಾಂಕಿಗೆ ಸೇರಿದವು.

ಶಾಲೆಗಳು ಕೇರಳದ ಪಠ್ಯಕ್ರಮವನ್ನೇ ಅನುಸರಿಸಿ ಬೆಳೆದವು. 2023ರ ಡಿಸೆಂಬರಿನಲ್ಲಿ ಅದನ್ನು ಬಿಟ್ಟು ಸಿಬಿಎಸ್‌ಇ ಪಠ್ಯಕ್ಕೆ ಬದಲಾಗುವ ಆದೇಶ ಬಂದು ಚರ್ಚೆ ಎದ್ದಿತು. ಕಾಲೇಜುಗಳೂ ಕ್ಯಾಲಿಕಟ್ ವಿಶ್ವವಿದ್ಯಾಲಯದಿಂದ ಪಾಂಡಿಚೇರಿ ವಿಶ್ವವಿದ್ಯಾಲಯದ ಕಡೆ ಸರಿದವು.

ನೆಲದ ಹಕ್ಕು

ಹೊರಗಿನವರು ಪರವಾನಗಿಯಿಲ್ಲದೆ ದ್ವೀಪಕ್ಕೆ ಬರುವಂತಿಲ್ಲ, ನೆಲ ಕೊಳ್ಳುವಂತಿಲ್ಲ. ಪ್ರವೇಶವನ್ನು ನಿಯಂತ್ರಿಸುವ ನಿಯಮಗಳು 1967ರವು. ಭೂಮಿಗೆ ಸಂಬಂಧಿಸಿದ ನಿಯಮಾವಳಿ 1965ರದು. ಅರಕ್ಕಲ್ ಒಡೆಯರ ಖಾಸಾ ಜಮೀನಾಗಿ ‘ಪಂಡಾರ’ ಎಂದು ಕರೆಸಿಕೊಂಡ ಭೂಮಿಯನ್ನು ದ್ವೀಪದವರು ಗೇಣಿಗೆ ಪಡೆದು ತೆಂಗು ನೆಟ್ಟು ತಲೆಮಾರುಗಳಿಂದ ಅನುಭವಿಸುತ್ತ ಬಂದಿದ್ದಾರೆ. ಇದು ಸರಕಾರದ್ದೆಂದು ಆಡಳಿತ, ತಮ್ಮದೆಂದು ಜನ. 2024ರಲ್ಲಿ ಪಂಡಾರ ಭೂಮಿಯನ್ನು ವಶಕ್ಕೆ ಪಡೆಯುವ ಆದೇಶ ಬಂದಾಗ ಜನ ಮತ್ತೆ ಹೈಕೋರ್ಟಿಗೆ ಹೋಗಿ ತಡೆ ತಂದರು.

ಕಟ್ಟಡಗಳು ಎಲ್ಲಿ, ಎಷ್ಟು ಎಂಬುದನ್ನು ನಿರ್ಧರಿಸಲು ಸುಪ್ರೀಂ ಕೋರ್ಟು ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತ್ತು. ಅದರ ಶಿಫಾರಸುಗಳ ಆಧಾರದ ಮೇಲೆ ಒಂದೊಂದು ದ್ವೀಪಕ್ಕೂ ಸಮಗ್ರ ನಿರ್ವಹಣಾ ಯೋಜನೆ ರೂಪುಗೊಂಡಿತು. ಯಾವ ಕಾಮಗಾರಿಗೂ ಪಂಚಾಯತ್‌ನ ಜತೆ ಸಮಾಲೋಚನೆ ಆಗಬೇಕೆಂಬುದು ಅದರ ತಿರುಳು. ಪಂಚಾಯತ್ತೇ ಇಲ್ಲದಾಗ ಈ ಷರತ್ತು ಕಾಗದದ ಮೇಲೆ ಉಳಿಯುತ್ತದೆ. ನೀರಿನ ಮೇಲೆ ಕಟ್ಟುವ ಐಷಾರಾಮಿ ಕುಟೀರಗಳ ಟೆಂಡರುಗಳು ಮಿನಿಕಾಯ್, ಕದ್ಮತ್ ಮತ್ತು ಜನವಸತಿಯಿಲ್ಲದ ಸುಹೇಲಿ ದ್ವೀಪಗಳಿಗೆ ಕರೆಯಲ್ಪಟ್ಟದ್ದು ಈ ಹಿನ್ನೆಲೆಯಲ್ಲೇ. ಇನ್ನೊಂದು ಕಡೆ ನೌಕಾಪಡೆಯ ನೆಲೆಗಳು ಬೆಳೆಯುತ್ತಿವೆ: ಕವರತ್ತಿಯಲ್ಲಿ 2012ರಿಂದ ಐಎನ್‌ಎಸ್ ದ್ವೀಪರಕ್ಷಕ್, ಮಿನಿಕಾಯ್‌ನಲ್ಲಿ 2024ರ ಮಾರ್ಚಿನಿಂದ ಐಎನ್‌ಎಸ್ ಜಟಾಯು. 2025ರ ಜುಲೈಯಲ್ಲಿ ಬಿತ್ರಾ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ಅಧಿಸೂಚನೆ ಹೊರಟಿತು. 2011ರ ಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. ಸಂಸದ ಸಯೀದ್ ಇದನ್ನು ಬಹಿರಂಗವಾಗಿ ವಿರೋಧಿಸಿದರು.

ಮತ್ತೆ ಮಂಗಳೂರು

ನಕಾಶೆಯಲ್ಲಿ ಅಳೆದರೆ ಕಿಲ್ತಾನ್, ಚೆತ್ಲತ್, ಕದ್ಮತ್ ದ್ವೀಪಗಳಿಗೆ ಕೊಚ್ಚಿ 400 ಕಿ.ಮೀ. ಆಸುಪಾಸಿನಲ್ಲಿದ್ದರೆ ಮಂಗಳೂರು 300 ಕಿ.ಮೀ.ಗೂ ಒಳಗೆ ಇದೆ. ಹಳೆ ಬಂದರಿನ ಧಕ್ಕೆಯಿಂದ ಸರಕು ದೋಣಿಗಳಾದ ಮಂಜಿಗಳು ಜಲ್ಲಿ, ಸಿಮೆಂಟು, ಕಬ್ಬಿಣ, ಅಕ್ಕಿ, ತರಕಾರಿ ಹೇರಿಕೊಂಡು ಹೋಗುವುದು ಎಂದೂ ನಿಂತಿಲ್ಲ. ಹಾಗಿದ್ದೂ 2021ರಲ್ಲಿ ಆಡಳಿತ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸಲು ಹೊರಟಾಗ ದ್ವೀಪದವರು ವಿರೋಧಿಸಿದರು. ಅದೇ ಬೇಸಗೆಯಲ್ಲಿ ಲಕ್ಷದ್ವೀಪವನ್ನು ಕೇರಳ ಹೈಕೋರ್ಟಿನಿಂದ ಕರ್ನಾಟಕ ಹೈಕೋರ್ಟಿನ ವ್ಯಾಪ್ತಿಗೆ ತರುವ ಪ್ರಸ್ತಾವವಿದೆಯೆಂಬ ವರದಿ ಬಂದು, ಆಡಳಿತ ಅದನ್ನು ನಿರಾಕರಿಸಿತು. ಈ ವಿರೋಧದಲ್ಲಿ ಮಂಗಳೂರಿನ ಮೇಲೆ ಮುನಿಸೇನೂ ಇರಲಿಲ್ಲ. ದ್ವೀಪದವರ ವಕೀಲರು, ವೈದ್ಯರು, ಓದುವ ಮಕ್ಕಳು, ಪತ್ರಿಕೆ, ಮಾತು ಎಲ್ಲ ಕೇರಳದಲ್ಲಿ. ಕೇಳದೆ ಮಾಡಿದ ಬದಲಾವಣೆ ಆ ಎಳೆಗಳನ್ನು ಕಡಿಯುತ್ತದೆಂಬ ಭಯವಿತ್ತು.

ಜನರೇ ಬೇಕೆಂದು ಕೇಳಿದಾಗ ಚಿತ್ರ ಬೇರೆಯಾಗುತ್ತದೆ. ಮಂಗಳೂರಿನ ಆಸ್ಪತ್ರೆಗಳು, ಕಾಲೇಜುಗಳು ಮತ್ತು ಸಗಟು ಅಂಗಡಿಗಳಿಗಾಗಿ ಪ್ರಯಾಣಿಕ ಹಡಗು ಬೇಕೆಂಬುದು ಉತ್ತರದ ದ್ವೀಪಗಳ ಹಳೆಯ ಬೇಡಿಕೆ. ಹಿಂದೆ ಆಗಾಗ ಓಡಿ ನಿಂತಿದ್ದ ಸೇವೆಯ ಮುಂದುವರಿಕೆಯಾಗಿ 2024ರ ಮೇ 3ರಂದು ವೇಗದ ಹಡಗು ‘ಪರಲಿ’ 160 ಪ್ರಯಾಣಿಕರೊಡನೆ ಹಳೆ ಬಂದರಿಗೆ ಬಂತು. ಹಿಂದೆ ಹದಿಮೂರು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಅದು ಏಳು ಗಂಟೆಯ ಆಸುಪಾಸಿನಲ್ಲಿ ಮುಗಿಸಿತು. ಹಳೆ ಬಂದರಿನಲ್ಲಿ ಲಕ್ಷದ್ವೀಪದ ಹಡಗುಗಳಿಗೆಂದೇ ಪ್ರತ್ಯೇಕ ಧಕ್ಕೆ ಕಟ್ಟುವ ಯೋಜನೆ ಸಾಗರಮಾಲಾ ಕಾರ್ಯಕ್ರಮದಲ್ಲಿ ಸೇರಿದೆ.